ಹಗೇವಿಗೆ ಇಳಿಸಿದ ಕಂದೀಲು

ಹೊಳಗುಂದದ ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ನಾಲ್ಕು ತಿಂಗಳು ಹೊರಗಿದ್ದು ಬಂದರೆ ಸಾಕು, ಆ ಊರು ಅವರ ಹೆಸರಿಗೆ ಅಂಟಿಕೊಂಡು ಬಿಡುತ್ತದೆ. ಮೆಣಸಿನಕಾಯಿ ಬಿಡಿಸಲು ಹೋಗಿ ಬಂದವಳು ಗುಂಟೂರು ಎರ್ರಮ್ಮ. ಹೀಗಿರುವಾಗ, ಸೌದಿಯ ತೋಟವೊಂದರಲ್ಲಿ ಒಂಬತ್ತು ವರ್ಷ ದುಡಿದು ಬಂದ ಉರುಕುಂದಪ್ಪ ಸೌದಿ ಉರುಕುಂದಪ್ಪನಾಗದೆ ಇನ್ನೇನಾದಾನು? ಅಲ್ಲಿಂದ ಅವನು ತಂದದ್ದು ಎರಡು ದಪ್ಪ ಕಂಬಳಿ, ಹಾಲಿಲ್ಲದ ಚಹಾದ ಚಟ ಮತ್ತು ನಾನೂರು ಅರಬ್ಬಿ ಮಾತು. ಆ ನಾನೂರರಲ್ಲಿ ಮುನ್ನೂರು ಪೈಪು, ಪಂಪು ಮತ್ತು ಬೈಗುಳಕ್ಕೆ ಸೇರಿದವು. ಉಳಿದ ನೂರು ಮಾತಿನಲ್ಲೇ ಅವನು ಫಾಯಿಜ್ ಎಂಬ ಮನುಷ್ಯನ ಸ್ನೇಹ ಮಾಡಿದ್ದ. ಸ್ನೇಹಕ್ಕೆ ಅಷ್ಟು ಸಾಕಾಗುತ್ತದೆ. ನಾವು ಎರಡು ಭಾಷೆ ಬಾಯಿಪಾಠ ಮಾಡಿಕೊಂಡೂ ಪಕ್ಕದ ಮನೆಯವರ ಸಂಗಡ ಮಾತು ಬಿಟ್ಟು ಕೂತಿರುತ್ತೇವೆ.

ಉರುಕುಂದಪ್ಪನಿಗೆ ಒಂದು ರೋಗವಿತ್ತು. ಕಲಿಸುವ ರೋಗ. ಬಸ್ಸು ಹತ್ತಿದರೆ ಡ್ರೈವರಿಗೆ ಗೇರು ಹಾಕುವುದನ್ನು ಕಲಿಸುತ್ತಿದ್ದ. ಮಂತ್ರಾಲಯಕ್ಕೆ ಹೋದರೆ ಹೊಳೆಯಲ್ಲಿ ನಿಂತ ಭಕ್ತರಿಗೆ ಮುಳುಗು ಹಾಕುವುದನ್ನು ಕಲಿಸುತ್ತಿದ್ದ. ಅವನ ಹೆಂಡತಿ ಬಸಲಿಂಗಮ್ಮ ಹೇಳುವ ಪ್ರಕಾರ, "ನನ್ನ ಹೆರಿಗಿ ವ್ಯಾಳ್ಯಾದಾಗ ಬಾಗಲ ಹೊರಗ ನಿಂತು ಸೂಲಗಿತ್ತಿಗೆ ಹಿಂಗ ಹಿಡಿ, ಹಂಗ ಹಿಡಿ ಅಂತಿದ್ದರು. ಆಕಿ ಹೊರಗ ಬಂದು, ಹಂಗಾದ್ರ ನೀನ ಹಡಿಯಪ್ಪ ಅಂದ್ಲು."

ಇಂಥವನಿಗೆ ಕಲಿಸಲು ಇದ್ದ ದೊಡ್ಡ ವಿದ್ಯೆ ಎಂದರೆ ಹಗೇವು. ಅವನ ಹಿತ್ತಲಿನಲ್ಲಿ, ಬೇವಿನ ಗಿಡದ ಮಗ್ಗುಲಿಗೆ, ಊರಿನ ಕೊನೆಯ ಹಗೇವು ಉಳಿದಿದೆ. ಗಟ್ಟಿ ನೆಲದಲ್ಲಿ ತೋಡಿದ ಕುಣಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಅಗಲ, ಹೊಟ್ಟೆ ಮಾತ್ರ ಗಡಿಗೆಯ ಹಾಗೆ ದೊಡ್ಡದು. ಒಳಗೆ ಬೆಂಕಿ ಹಾಕಿ ಒಣಗಿಸಿ, ಗೋಡೆಗೆ ಒಣ ದಂಟಿನ ಕಣಿಕೆ ಜೋಡಿಸಿ, ಜೋಳ ಸುರಿದು, ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ನಾಲ್ಕು ವರ್ಷ ಹುಳ ಬೀಳುವುದಿಲ್ಲ. ಬೇರೆಯವರೆಲ್ಲ ತಮ್ಮ ಹಗೇವು ಮುಚ್ಚಿ ಅದರ ಮೇಲೆ ಬೈಕು ನಿಲ್ಲಿಸಿದ್ದಾರೆ, ಜೋಳವನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ ವಾಸನೆಯ ಗುಳಿಗೆ ಹಾಕುತ್ತಾರೆ. ಉರುಕುಂದಪ್ಪ ಮುಚ್ಚಲಿಲ್ಲ. ಮುಚ್ಚಿದರೆ ಕಲಿಸಲು ಏನುಳಿಯಿತು?

ಹಗೇವಿಗೆ ಒಂದು ಕಟ್ಟಳೆಯಿದೆ. ಚಪ್ಪಡಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಮುಚ್ಚಿದ ಕಾಳಿನ ಕೆಟ್ಟ ಗಾಳಿ ಒಳಗೆ ಕೂತಿರುತ್ತದೆ, ಇಳಿದವನು ಉಸಿರು ಕಟ್ಟಿ ಅಲ್ಲೇ ಮಲಗುತ್ತಾನೆ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಒಳಗಿಳಿಸಿ ನೋಡಬೇಕು. ದೀಪ ಆರಿದರೆ ಇನ್ನೂ ಕಾಯಬೇಕು. ಉರಿಯುತ್ತಿದ್ದರೆ ಇಳಿಯಬಹುದು. ಉರುಕುಂದಪ್ಪನ ತಾತನ ಕಾಲದಿಂದ ಕಂದೀಲು ಹಿಡಿಯುವುದು ಆ ಮನೆಯ ಹೆಣ್ಣುಮಕ್ಕಳ ಕೆಲಸ.

ಫಾಯಿಜ್ ಆ ಸೌದಿ ತೋಟದಲ್ಲಿ ಪಂಪು ರಿಪೇರಿಯವನು. ಗಾಜಾದವನು. ಖಾನ್ ಯೂನಿಸ್ ಪಟ್ಟಣದ ಪೂರ್ವಕ್ಕೆ, ಗಡಿಯ ತಂತಿ ಬೇಲಿಯ ಹತ್ತಿರದ ಹಳ್ಳಿಯಲ್ಲಿ ಅವನ ಅಪ್ಪನಿಗೆ ಗೋಧಿ ಹೊಲ, ಒಂದಿಷ್ಟು ಆಲಿವ್ ಗಿಡ, ಒಂದು ಬಾವಿ. ಶುಕ್ರವಾರ ಮಧ್ಯಾಹ್ನ ಕೆಲಸಕ್ಕೆ ರಜೆ. ಟೊಮ್ಯಾಟೊ ಹಂದರದ ನೆರಳಿನಲ್ಲಿ ಕೂತು ಉರುಕುಂದಪ್ಪ ತುಂಡು ಪೈಪಿನಿಂದ ಮರಳಿನ ಮೇಲೆ ಹಗೇವು ಬರೆದು ತೋರಿಸಿದ. ಹೀಗೆ ಮೂರು ಶುಕ್ರವಾರ. ಬಾಯಿ ಎಷ್ಟಗಲ, ಹೊಟ್ಟೆ ಎಷ್ಟಗಲ, ಕಂದೀಲು ಹೇಗೆ ಇಳಿಸಬೇಕು. ಫಾಯಿಜ್ ತಲೆಯಾಡಿಸುತ್ತ ಕೇಳಿದ. ಅಷ್ಟು ತಾಳ್ಮೆಯ ಶಿಷ್ಯ ಉರುಕುಂದಪ್ಪನಿಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಫಾಯಿಜ್ ಊರಿಗೆ ಮರಳಿದ. ಎರಡು ವರ್ಷದ ನಂತರ ಉರುಕುಂದಪ್ಪನ ಫೋನಿಗೆ ಒಂದು ಫೋಟೋ ಬಂತು. ಗಾಜಾದ ಕೆಂಪು ಮಣ್ಣಿನಲ್ಲಿ ಒಂದು ಗುಂಡನೆಯ ಬಾಯಿ, ಅದರ ಪಕ್ಕ ಹಲ್ಲು ಕಿರಿಯುತ್ತ ಕಂದೀಲು ಹಿಡಿದ ಪುಟ್ಟ ಹುಡುಗಿ. ಫಾಯಿಜನ ಮಗಳು ಸುಹಾ. ಆ ಫೋಟೋ ನೋಡದ ಮನುಷ್ಯ ಹೊಳಗುಂದ ಮಂಡಲದಲ್ಲಿ ಉಳಿಯಲಿಲ್ಲ. ಚಹಾ ಅಂಗಡಿಯಲ್ಲಿ, ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ, ದನದ ಡಾಕ್ಟರ ಮುಂದೆ, ಎಲ್ಲಿ ಕಂಡರಲ್ಲಿ ಫೋನು ತೆಗೆದು ಹಿಡಿಯುತ್ತಿದ್ದ. "ನೋಡ್ರಿ. ನಾ ಕಲಿಸಿದ್ದು. ನಮ್ಮೂರ ಹಗೇವು ಪರದೇಶದಾಗ!"

ಆಮೇಲೆ ಯುದ್ಧ ಬಂತು. ಯುದ್ಧ ಎನ್ನುವುದೂ ದೊಡ್ಡ ಮಾತು. ಉರುಕುಂದಪ್ಪ ಕೇಳುತ್ತಿದ್ದ, "ಒಬ್ಬನ ಕೈಯಾಗ ವಿಮಾನ, ಒಬ್ಬನ ಕೈಯಾಗ ಗೋಧಿ ಚೀಲ. ಇದಕ್ಕ ಯುದ್ಧ ಅಂತ ಯಾಕ ಕರೀತಾರ?" ಆಕಾಶದಿಂದ ಚೀಟಿ ಉದುರಿತು, ಊರು ಖಾಲಿ ಮಾಡಿ ಅಂತ. ನಮ್ಮಲ್ಲಿ ರಸ್ತೆ ಬದಿಯ ಪಾನ್ ಡಬ್ಬಿ ಎತ್ತಿಸಬೇಕಾದರೂ ಮೂರು ಸಲ ನೋಟೀಸು ಕೊಟ್ಟು, ಎರಡು ಸಲ ಜಗಳವಾಡಿ, ಕೊನೆಗೆ ಅದು ಅಲ್ಲೇ ಉಳಿಯುತ್ತದೆ. ಅಲ್ಲಿ ಫಾಯಿಜನ ಹದಿನೇಳು ಜನರ ಮನೆ ಕತ್ತೆಗಾಡಿಯ ಮೇಲೆ ಸಮುದ್ರದ ದಂಡೆಗೆ ಹೋಯಿತು, ಬಟ್ಟೆಯ ಗುಡಾರಕ್ಕೆ. ಮತ್ತೆ ಚೀಟಿ, ಮತ್ತೆ ಗಾಡಿ. ಹದಿನೈದು ತಿಂಗಳಲ್ಲಿ ಒಂಬತ್ತು ಸಲ.

ಜನವರಿಯಲ್ಲಿ ಗುಂಡು ನಿಂತಾಗ ಫಾಯಿಜ್ ಹಳ್ಳಿಗೆ ಮರಳಿ ನೋಡಿದ. ಮನೆಯಿರಲಿಲ್ಲ. ಆಲಿವ್ ಗಿಡವಿರಲಿಲ್ಲ, ಬಾವಿಯಿರಲಿಲ್ಲ. ಊರನ್ನು ಹೊಲ ಹರಗಿದಂತೆ ಹರಗಿದ್ದರು. ಆದರೆ ಒಂದು ಬೆಸ್ತವಾರ ಬೆಳಗ್ಗೆ ಉರುಕುಂದಪ್ಪನ ಫೋನಿಗೆ ಬಂದ ಧ್ವನಿ ಸಂದೇಶದಲ್ಲಿ ಫಾಯಿಜನ ಬದಲು ಸುಹಾ ಕೂಗುತ್ತಿದ್ದಳು, "ಚಿಕ್ಕಪ್ಪಾ, ಗೋಧಿ ಹಂಗೇ ಐತಿ! ದೀಪ ಆರಲಿಲ್ಲ!" ಮಣ್ಣು ಗುಡ್ಡೆಯ ಕೆಳಗೆ ಹಗೇವು ಹಾಗೇ ಉಳಿದಿತ್ತು.

ಅವತ್ತು ಉರುಕುಂದಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ಮಾರ್ಚಿನಲ್ಲಿ ಗಾಜಾದ ಬಾಗಿಲನ್ನೇ ಮುಚ್ಚಿ ಹಿಟ್ಟಿನ ಲಾರಿಗಳನ್ನು ನಿಲ್ಲಿಸಿದರು, ಬಾಂಬು ಮತ್ತೆ ಶುರುವಾಯಿತು. ಆಗ ಆ ಗೋಧಿಯೇ ಹದಿನೇಳು ಜನರನ್ನು, ಜೊತೆಗೆ ಪಕ್ಕದ ಗುಡಾರಗಳನ್ನು ಸಾಕಿತು. ಫಾಯಿಜ್, ಅವನ ತಮ್ಮ ಅದನಾನ್, ಸುಹಾ ಗಾಡಿ ಕಟ್ಟಿಕೊಂಡು ಹೋಗುವುದು, ಕಂದೀಲು ಇಳಿಸುವುದು, ಎರಡು ಚೀಲ ತುಂಬಿಕೊಂಡು ಬರುವುದು. ಊರಿನಲ್ಲಿ ಉರುಕುಂದಪ್ಪನ ಎದೆ ಎರಡಿಂಚು ಅಗಲವಾಗಿತ್ತು. ಬಸಲಿಂಗಮ್ಮ ಕೂಡ ಅವನನ್ನು ಬೈಯುವುದು ಕಡಿಮೆ ಮಾಡಿದ್ದಳು.

ಮೇ ತಿಂಗಳ ಕೊನೆಯಲ್ಲಿ ಫಾಯಿಜನ ಹೆಂಡತಿಯ ಧ್ವನಿ ಬಂತು. ಹತ್ತು ಸೆಕೆಂಡು. ಮೇಲೆ ಡ್ರೋನ್ ಸುತ್ತುತ್ತಿತ್ತಂತೆ. ನೆಲದೊಳಗಿಂದ ಚೀಲ ಹೊತ್ತು ಏಳುವ ಮನುಷ್ಯರನ್ನು ಅದು ಕಂಡಿತಂತೆ. ಅದನಾನ್ ಇಲ್ಲ. ಸುಹಾ ಇಲ್ಲ. ಫಾಯಿಜನ ಕಾಲಿಗೆ ಪೆಟ್ಟು, ಆಸ್ಪತ್ರೆಯಲ್ಲಿದ್ದಾನೆ. ಅಷ್ಟೇ.

ಉರುಕುಂದಪ್ಪ ಆ ಹತ್ತು ಸೆಕೆಂಡನ್ನು ಎಷ್ಟು ಸಲ ಕೇಳಿದನೋ. ಮರುದಿನ ಅವನೂ ಒಂದು ಧ್ವನಿ ಕಳಿಸಿದ. "ಫಾಯಿಜ್, ಆ ಕುಣಿ ನಾ ಕಲಿಸಿದ್ದು. ಆ ಕಂದೀಲು ನಾ ಹಿಡಿಸಿದ್ದು. ನಾನೇ ಕೊಂದೆ. ಹೌದೋ ಅಲ್ಲೋ, ಒಂದು ಮಾತು ಹೇಳು." ಅದರ ಪಕ್ಕ ಒಂದೇ ಗೀಟು ಬಿತ್ತು. ಹನ್ನೊಂದು ದಿನವಾದರೂ, ಮಾತು ಮುಟ್ಟಿತು ಎನ್ನುವ ಎರಡನೆಯ ಗೀಟು ಬೀಳಲಿಲ್ಲ.

ಆ ಹನ್ನೊಂದು ದಿನ ಅವನು ಯಾರಿಗೂ ಏನನ್ನೂ ಕಲಿಸಲಿಲ್ಲ. ಬಸ್ಸಿನ ಡ್ರೈವರು ಬಸಲಿಂಗಮ್ಮನನ್ನು, "ಅಕ್ಕಾ, ಅಣ್ಣಗ ಹುಷಾರಿಲ್ಲೇನು?" ಎಂದು ಕೇಳಿದ. ಹಗೇವಿನ ಜೋಳದ ರೊಟ್ಟಿ ತಟ್ಟೆಗೆ ಬಿದ್ದರೆ ತಟ್ಟೆಯನ್ನೇ ತಳ್ಳುತ್ತಿದ್ದ.

"ಅಂಗಡಿ ಅಕ್ಕಿ ಮಾಡು."

"ಈ ಜೋಳ ಏನು ಮಾಡೈತ್ರಿ ನಿಮಗ?"

"ಜೋಳ ಏನೂ ಮಾಡಿಲ್ಲ. ನಾ ಮಾಡೀನಿ."

ಹನ್ನೆರಡನೆಯ ದಿನ ಬೆಳಗ್ಗೆ ಅವನು ಹಗೇವಿನ ಚಪ್ಪಡಿ ಸರಿಸಿದ. ಒಳಗಿನ ಜೋಳ ಎತ್ತಿ, ಕುಣಿಗೆ ಮಣ್ಣು ತುಂಬಿ ಶಾಶ್ವತವಾಗಿ ಮುಚ್ಚುವುದು ಎಂದು ನಿಶ್ಚಯ ಮಾಡಿದ್ದ. ಸುಂಕಣ್ಣನ ಟ್ರ್ಯಾಕ್ಟರು ಒಂದು ಟ್ರಾಲಿ ಗರಸು ಮಣ್ಣು ಹೊತ್ತು ಬಂದು ಬೇವಿನ ಗಿಡದ ಕೆಳಗೆ ನಿಂತಿತು. ಬಸಲಿಂಗಮ್ಮ ಸೆರಗು ಬಿಗಿದು ಟ್ರಾಲಿಗೂ ಕುಣಿಗೂ ನಡುವೆ ನಿಂತಳು.

"ನಮ್ಮತ್ತಿ ಕೊಟ್ಟ ಹಗೇವು ಇದು. ಮುಚ್ಚೋದಾದ್ರ ನನ್ನ ಒಳಗ ಹಾಕಿ ಮುಚ್ಚರಿ."

"ಏಮಕ್ಕಾ ಇದಿ, ಏನಕ್ಕಾ ಇದು," ಸುಂಕಣ್ಣ ಸ್ಟಿಯರಿಂಗಿನ ಮೇಲೆ ಗದ್ದವೂರಿದ. "ಮುಚ್ಚೋದಾ, ಮುಚ್ಚಬಾರದಾ, ಇಬ್ಬರೂ ಕೂಡಿ ಒಂದು ಮಾತು ಹೇಳ್ರಿ. ಇಂಜಿನ್ ಬಂದ್ ಮಾಡ್ಲಾ?"

ಈ ಗದ್ದಲಕ್ಕೆ ಸರಿಯಾಗಿ ಬಂದವನು ಗುರುರಾಜ. ಮಂತ್ರಾಲಯದ ಹುಡುಗ, ಊರಿಗೆ ಹೊಸ ಸರ್ವೇಯರು. ಹಣೆಯಲ್ಲಿ ಅಂಗಾರ ಅಕ್ಷತೆ, ಕೈಯಲ್ಲಿ ಟ್ಯಾಬು, ಇಸ್ತ್ರಿ ಮುರಿಯದ ತಿಳಿನೀಲಿ ಶರಟು. ಹೋದ ತಿಂಗಳು ಜಮೀನಿನ ಮರು ಅಳತೆಗೆಂದು ಊರ ಮೇಲೆ ಡ್ರೋನ್ ಹಾರಿಸಿದ್ದರು. ಅದರ ಚಿತ್ರವನ್ನು ಮನೆಮನೆಗೆ ತಾಳೆ ನೋಡುತ್ತ ಬಂದಿದ್ದ. ಒಳ್ಳೆಯ ಹುಡುಗ. ನಗಿಸಬೇಕು ಎನ್ನುವ ಆಸೆ ಮಾತ್ರ ಸ್ವಲ್ಪ ಜಾಸ್ತಿ. ಅದು ಎಂಥ ಕಾಯಿಲೆ ಎಂದು ಹಾಸ್ಯ ಬರೆದು ಹೊಟ್ಟೆ ಹೊರೆಯುವವರನ್ನು ಕೇಳಬೇಕು.

"ಉರುಕುಂದಪ್ಪಣ್ಣ, ನಿಮ್ಮ ಹಿತ್ತಲಾಗ ಡ್ರೋನಿಗೆ ಒಂದು ಕರೀ ಗುಂಡು ಕಂಡೈತ್ರಿ," ಗುರುರಾಜ ಟ್ಯಾಬು ತೋರಿಸಿದ. "ಅವತ್ತು ತೆರೆದಿಟ್ಟಿದ್ರೇನೋ. ಬಾವಿ ಅಂತ ಬರ್ಕೊಳ್ಳಲೋ? ಇಲ್ಲಾ ಸುರಂಗ ಅಂತ ಬರ್ಕೊಳ್ಳಲೋ? ಹುಷಾರ್ರಿಯಪ್ಪ, ಸುರಂಗ ಅಂದ್ರ ಈಗ ಬಾಂಬ್ ಹಾಕ್ತಾರ!" ಎಂದು ನಕ್ಕ.

ಸುಂಕಣ್ಣ ಇಂಜಿನ್ ಬಂದ್ ಮಾಡಿದ. ಗುರುರಾಜನ ನಗೆ ಒಂದೇ ಉಳಿಯಿತು, ಅದೂ ನಾಚಿಕೊಂಡು ನಿಂತಿತು.

"ಮೇಲಿಂದ ನೋಡಿದ್ರ ಏನು ಕಂಡಿತು?" ಉರುಕುಂದಪ್ಪ ಮೆಲ್ಲಗೆ ಕೇಳಿದ.

"ಕರೀ ಗುಂಡು ರೀ."

"ಒಳಗೇನೈತಿ ಅಂತ ಕಂಡಿತೇನು?"

"ಅದೆಂಗ ಕಾಣ್ತೈತ್ರಿ? ಮಿಷನ್ನು ಅದು."

"ಮಿಷನ್ನು." ಉರುಕುಂದಪ್ಪ ಒಂದು ಹೆಜ್ಜೆ ಮುಂದೆ ಬಂದ. "ಮಿಷನ್ನಿಗೆ ಕಾಣಲ್ಲ. ಸರಿ. ಮಿಷನ್ನು ಹಾರಿಸೋ ಮನುಷ್ಯಾಗ? ಅವನಿಗೆ ಕಣ್ಣಿಲ್ಲೇನು? ಅವನ ಅವ್ವ ಅವನಿಗೆ ರೊಟ್ಟಿ ಹಾಕಿಲ್ಲೇನು? ಚೀಲ ಹೊತ್ತವನ್ನ ಕಂಡ್ರ ಹಸಿದಾನ ಅಂತ ತಿಳಿಯಲಿಲ್ಲೇನು ಆ ಸೂಳೇಮಗನಿಗೆ?" ಗುರುರಾಜನಿಗೆ ಏನೊಂದೂ ತಿಳಿಯಲಿಲ್ಲ. ಉರುಕುಂದಪ್ಪ ಅವನ ಇಸ್ತ್ರಿ ಶರಟಿನ ತೋಳು ಹಿಡಿದ. "ಬರ್ರಿ ಸಾರ್. ಬರ್ಕೊಳ್ಳೋಕ ಮುಂಚೆ ಇಳಿದು ನೋಡ್ರಿ."

"ನಾನಾ? ಇದರಾಗ? ಅಯ್ಯೋ ಬ್ಯಾಡ್ರಿ. ಬರೀ ಹಗೇವು ಅಂತ ಹೇಳ್ರಿ, ಬರ್ಕೊಂತೀನಿ."

"ಬಾಯಿ ಮಾತು ನಂಬಬಾರದು. ಇಳೀರಿ!"

ಅಷ್ಟು ಹೊತ್ತಿಗೆ ಗುಂಟೂರು ಎರ್ರಮ್ಮ ಗೋಡೆಯ ಮೇಲಿಂದ ಇಣುಕಿದ್ದಳು, ಅವಳ ಹಿಂದೆ ಅರ್ಧ ಓಣಿ. ಗುರುರಾಜ ಶೂ ಬಿಚ್ಚಿದ. ಸಿಟ್ಟಿನಲ್ಲಿದ್ದ ರೈತನ ಜೊತೆ ವಾದ ಮಾಡಬಾರದು ಎನ್ನುವುದನ್ನು ಅವನು ನೌಕರಿಯ ಮೊದಲ ವಾರವೇ ಕಲಿತಿದ್ದ. ಕುಣಿಯ ಬಾಯಿಗೆ ಕಾಲಿಡುವಷ್ಟರಲ್ಲಿ ಬಸಲಿಂಗಮ್ಮ ಚೀರಿದಳು, "ತಡೀರಿ! ಗಂಡಸರಿಗೆ ಸಿಟ್ಟು ಬಂದ್ರ ಬುದ್ಧಿ ಎಲ್ಲಿ ಹೋಗ್ತೈತೋ!" ಒಳಗೆ ಓಡಿ ಕಂದೀಲು ಹಚ್ಚಿ ತಂದಳು. ಹಗ್ಗ ಬಿಗಿದು ಮೆಲ್ಲಗೆ ಇಳಿಸಿದಳು. ಎಲ್ಲರೂ ಬಗ್ಗಿ ನೋಡಿದರು. ಗುರುರಾಜ ಅಂತೂ ಎಲ್ಲರಿಗಿಂತ ಹೆಚ್ಚು ಬಗ್ಗಿ ನೋಡಿದ. ದೀಪ ಒಮ್ಮೆ ಸಣ್ಣದಾಯಿತು, ಸುಧಾರಿಸಿಕೊಂಡಿತು, ಉರಿಯಿತು.

"ಹೂಂ. ಈಗ ಇಳೀರಿ."

ಸರ್ವೇಯರ್ ಗುರುರಾಜ ಹಗೇವಿನ ಜೋಳದಲ್ಲಿ ಮೊಣಕಾಲುದ್ದ ಹೂತು ನಿಂತ.

"ಏನೈತಿ ಸಾರ್?" ಮೇಲಿನಿಂದ ಉರುಕುಂದಪ್ಪ ಕೂಗಿದ.

"ಜೋಳ ರೀ."

"ಇನ್ನೇನೈತಿ? ಬಂದೂಕು ಐತೇನು?"

"ಇಲ್ರಿ."

"ಬಾಂಬು ಐತೇನು? ದಂಡು ಐತೇನು? ಕೈಯಾಡಿಸಿ ಚೆಂದಾಗಿ ನೋಡ್ರಿ!"

"ಜೋಳ ರೀ, ಉರುಕುಂದಪ್ಪಣ್ಣ! ಬರೀ ಜೋಳ!" ಗುರುರಾಜನ ಧ್ವನಿ ಗಡಿಗೆಯೊಳಗಿನಿಂದ ಬಂದ ಹಾಗೆ ಬಂತು.

"ಹಂಗಾದ್ರ ಬರ್ಕೊಳ್ರಿ!"

ಗುರುರಾಜ ಜೋಳದ ಮೇಲೆ ಕೂತು ಟ್ಯಾಬು ತಟ್ಟಿದ. "ಇದರಾಗ ಬಾವಿ, ಬೋರು, ಪಾಯಿಖಾನೆ, ಕಟ್ಟಡ, ಇಷ್ಟೇ ಅದಾವ್ರಿ. ಕಾಳಿನ ಕುಣಿ ಅಂತ ಇಲ್ಲ."

"ಇರಾಂಗಿಲ್ಲ! ಎಲ್ಲಿ ಇರ್ತೈತಿ? ಮನುಷ್ಯಾ ಕಾಳು ಕೂಡಿ ಇಡ್ತಾನ, ಮಕ್ಕಳಿಗೆ ಹಾಕ್ತಾನ ಅನ್ನೋದು ಯಾರ ಮಿಷನ್ನಿನಾಗೂ ಇಲ್ಲ! ಬಾಂಬ್ ಹಾಕಾಕ ಮಾತ್ರ ಒತ್ತೋ ಗುಂಡಿ ಐತಿ!"

ಆಗ ಉರುಕುಂದಪ್ಪನ ಅಂಗಿ ಜೇಬಿನಲ್ಲಿ ಫೋನು ಟಿಣ್ ಅಂದಿತು. ತೆಗೆದು ನೋಡಿದ. ಹನ್ನೊಂದು ದಿನದ ಒಂಟಿ ಗೀಟು ಎರಡಾಗಿತ್ತು, ಎರಡೂ ನೀಲಿಯಾಗಿದ್ದವು. ಕೆಳಗೆ ಫಾಯಿಜನ ಧ್ವನಿ, ನಾಲ್ಕು ನಿಮಿಷದ್ದು.

ಉರುಕುಂದಪ್ಪನ ಬೆರಳು ಅದನ್ನು ಒತ್ತಲಿಲ್ಲ. ಬಸಲಿಂಗಮ್ಮ ಬಂದು ಒತ್ತಿದಳು. ಸ್ಪೀಕರು ದೊಡ್ಡದು ಮಾಡಿದಳು. ಅರಬ್ಬಿ ಮಾತು ಹಿತ್ತಲು ತುಂಬಿತು. ಆಡಲು ಬರುವ ಮಾತು ನಾನೂರೇ ಆದರೂ ಕಿವಿಗೆ ಒಂಬತ್ತು ವರ್ಷದ ರೂಢಿಯಿತ್ತು. ಉರುಕುಂದಪ್ಪ ಅಲ್ಲಲ್ಲಿ ನಿಲ್ಲಿಸಿ, ನೆಲ ನೋಡುತ್ತ, ಕನ್ನಡದಲ್ಲಿ ಹೇಳುತ್ತ ಹೋದ.

"ಕಾಲು ತೆಗೆದಾರಂತ. ಮೊಣಕಾಲಿನ ಕೆಳಗ... ಫೋನಿಗೆ ಕರೆಂಟ್ ಇರಲಿಲ್ಲಂತ, ನನ್ನ ಮಾತು ಇವತ್ತು ಕೇಳಿದನಂತ... ಲೇ ಹುಚ್ಚ ಅಂತಾನ ನನಗ."

ಮತ್ತೆ ಒತ್ತಿದ. ಮತ್ತೆ ನಿಲ್ಲಿಸಿದ.

"ಹಗೇವು ನೀ ಕಲಿಸಿದ್ದಲ್ಲ ಅಂತಾನ. ಅವರ ಕಡೆ ಮತ್ಮೂರಾ ಅಂತಾರಂತ. ಅವರಜ್ಜಿ ಊರಾಗ ಮೂರು ಇದ್ದವಂತ. ನಲವತ್ತೆಂಟನೇ ಇಸವಿಯಾಗ ದಂಡಿನವರು ಆ ಊರಿಂದ ಓಡಿಸಿದಾಗ, ಎರಡು ವಾರದಾಗ ವಾಪಸ್ ಬರ್ತೀವಿ ಅಂತ ಅಜ್ಜಿ ಗೋಧಿ ತುಂಬಿ, ಮಣ್ಣು ಮೆತ್ತಿ ಬಂದಿದ್ಲಂತ. ಸಾಯೋತನಕ ಆ ಗೋಧಿ ಮಾತೇ ಆಡಿದ್ಲಂತ. ಹುಟ್ಟಿದಾಗಿಂದ ನನಗ ಗೊತ್ತಿದ್ದ ವಿದ್ಯಾ ಅದು ಅಂತಾನ."

ಬಸಲಿಂಗಮ್ಮ ಕೇಳಿದಳು, "ಮತ್ತ ಮೂರು ಶುಕ್ರವಾರ ಯಾಕ ಕೂತು ಕೇಳಿದ್ನಂತ?"

ಫೋನು ಅದಕ್ಕೂ ಉತ್ತರ ಹೇಳಿತು. "ಸೌದಿಯಾಗ ಮೊದಲನೇ ವರ್ಷ ನಾ ಈ ಮನಿ ನೆನಸಿಕೊಂಡು ಅಳ್ತಿದ್ದೆ. ಯಾರಿಗಾದ್ರೂ ಏನಾದ್ರೂ ಕಲಿಸಿದ ದಿನ ನಾ ಅಳ್ತಿರಲಿಲ್ಲಂತ. ಅದಕ್ಕ ಅವ ಸುಮ್ಮನ ಕಲಿತನಂತ."

ಊರಿನಲ್ಲಿ ಒಬ್ಬರಾದರೂ ಉರುಕುಂದಪ್ಪನಿಂದ ಅಷ್ಟು ಮರ್ಯಾದೆಯಿಂದ ಕಲಿತವರಿರಲಿಲ್ಲ.

ಈಗ ಫಾಯಿಜನ ಧ್ವನಿ ಏರಿತು. ಕೆಮ್ಮಿತು, ಮತ್ತೆ ಏರಿತು. ಉರುಕುಂದಪ್ಪನ ಧ್ವನಿಯೂ ಅದರ ಸಂಗಡವೇ ಏರಿತು. ಕೇಳಿದವರಿಗೆ ಯಾರ ಸಿಟ್ಟು ಯಾರದೆಂದು ತಿಳಿಯುವಂತಿರಲಿಲ್ಲ.

"ನಮ್ಮ ಕೋಳಿಗೂಡಿನ ಮ್ಯಾಲೂ ಬಾಂಬ್ ಹಾಕ್ಯಾರ, ಕೋಳಿಗೂಡು ಯಾರು ಕಲಿಸಿದ್ರು ಅಂತಾನ! ಬಾವಿ ಒಡೆದಾರ, ಬಾವಿ ನೀ ಕಲಿಸಿದ್ಯಾ ಅಂತಾನ! ನೂರು ವರ್ಷದ ಆಲಿವ್ ಗಿಡ ಬುಲ್ಡೋಜರಿನಿಂದ ಕಿತ್ತಾರ, ಅವನ್ನ ನೀ ನೆಟ್ಟಿದ್ಯಾ ಅಂತಾನ! ಹಗೇವು ಇಲ್ಲದವರೂ ಸತ್ತಾರ. ಗುಡಾರದಾಗ ಮಲಗಿದವರು ಸತ್ತಾರ, ಹಿಟ್ಟಿನ ಪಾಳಿಯಾಗ ನಿಂತವರು ಸತ್ತಾರ. ನನ್ನ ತಮ್ಮನ್ನ, ನನ್ನ ಮಗಳನ್ನ ಕೊಂದವರು ಮ್ಯಾಲಿಂದ ನೋಡಿ ಗುಂಡಿ ಒತ್ತಿದವರು. ಅದು ಅವರ ಪಾಪ. ಅದರಾಗ ನಿನಗ ಪಾಲು ಕೊಡಾಂಗಿಲ್ಲ ಅಂತಾನ. ಒಂದು ಚೂರೂ ಕೊಡಾಂಗಿಲ್ಲ. ನೀ ಹೊತ್ತುಕೊಂಡ್ರ ಅವರಿಗೆ ಭಾರ ಕಡಿಮಿ ಆಗ್ತೈತಿ ಅಂತಾನ..."

ಮುಂದಿನದು ಒಂದೇ ಸಾಲು. ನಿನ್ನ ಹಗೇವು ಈ ವರ್ಷ ತೆರೆದಿಯೇನು, ಜೋಳ ಹೆಂಗೈತಿ. ಆಮೇಲೆ ಮಾತಿಲ್ಲ. ಆದರೆ ಫಾಯಿಜ್ ಫೋನಿನ ಗುಂಡಿಯಿಂದ ಬೆರಳು ತೆಗೆದಿರಲಿಲ್ಲ. ಜೇನುಹುಳದ ಹಾಗೆ ಒಂದು ಸಣ್ಣ ಗುಂಯ್ ಸದ್ದು ಬಹಳ ಹೊತ್ತು ಬರುತ್ತಲೇ ಇತ್ತು.

"ಅದೇನ್ರಿ ಸದ್ದು?" ಎರ್ರಮ್ಮ ಕೇಳಿದಳು.

ಉತ್ತರ ನೆಲದೊಳಗಿನಿಂದ ಬಂತು. "ಡ್ರೋನ್ ರೀ. ನಮ್ಮದೂ ಹಂಗೇ ಸದ್ದು ಮಾಡ್ತೈತಿ."

ಆಗ ನೆನಪಾಯಿತು, ಗುರುರಾಜ ಇನ್ನೂ ಒಳಗೇ ಇದ್ದ. ಸುಂಕಣ್ಣ ಟ್ರ್ಯಾಕ್ಟರಿನಿಂದ ಇಳಿದು, ಕೈ ಕೊಟ್ಟು ಎಳೆದ. ಹುಡುಗನ ತಲೆ ತುಂಬ ಹೊಟ್ಟು, ತಿಳಿನೀಲಿ ಶರಟು ಮಣ್ಣು. ಬೇವಿನ ಕಟ್ಟೆಗೆ ಕೂತು ಶೂ ಹಾಕಿಕೊಳ್ಳಲು ಹೋದವನು ಕೈಯಲ್ಲಿ ಹಿಡಿದೇ ಕೂತ.

"ಸಾರ್," ಉರುಕುಂದಪ್ಪ ಕೇಳಿದ, "ನೀವು ಇಳಿಯೋಕ ಮುಂಚೆ ಇಕಿ ಕಂದೀಲು ಇಳಿಸಿ ನೋಡಿದ್ಲಲ್ಲ, ಎಷ್ಟೊತ್ತು ಹಿಡೀತು?"

"ಎರಡು ನಿಮಿಷ ಇರಬೇಕ್ರಿ."

"ಎರಡು ನಿಮಿಷ." ಉರುಕುಂದಪ್ಪ ಫೋನಿನ ಕಡೆ ಗದ್ದ ತೋರಿಸಿದ. "ಗುಂಡಿ ಒತ್ತಿದವರಿಗೆ ಅಷ್ಟೂ ಹೊತ್ತು ಇರಲಿಲ್ಲ."

"ಸುಂಕಣ್ಣ, ಟ್ರಾಲಿ ಹಿಂದಕ್ಕ ತಗೋ," ಎಂದಳು ಬಸಲಿಂಗಮ್ಮ.

"ಮಣ್ಣೆಲ್ಲಿ ಹಾಕ್ಲಿ ಅಕ್ಕ?"

"ಎಲ್ಲಿಂದ ತಂದಿಯೋ ಅಲ್ಲೇ ಸುರಿ. ಇಲ್ಲಿ ಮುಚ್ಚೋದು ಏನೂ ಇಲ್ಲ." ಗಂಡನ ಮುಖವನ್ನೂ ನೋಡದೆ ಮೊರ ಹಿಡಿದು ಕುಣಿಯ ಕಡೆ ನಡೆದಳು. ಉರುಕುಂದಪ್ಪ ತಡೆಯಲಿಲ್ಲ.

ಅವನು ಫೋನನ್ನು ಬಾಯಿ ಹತ್ತಿರ ಹಿಡಿದ. ಸಮಾಧಾನ ಹೇಳೋಣವೆಂದರೆ ಅವನ ಹತ್ತಿರವಿದ್ದ ನೂರು ಒಳ್ಳೆಯ ಮಾತುಗಳಲ್ಲಿ ಒಂದೂ ಇದಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಉಳಿದ ಮುನ್ನೂರಕ್ಕೆ ಕೈಹಾಕಿದ. ಒಂಬತ್ತು ವರ್ಷ ಮೇಸ್ತ್ರಿಗಳಿಂದ ತಿಂದ ಬೈಗುಳಗಳನ್ನೆಲ್ಲ, ಒಂದನ್ನೂ ಬಿಡದೆ, ಮುಖ ಮೇಲಕ್ಕೆತ್ತಿ, ಆ ಗುಂಯ್ ಸದ್ದಿನವರಿಗೆ ಬೈದ. ಬೈಗುಳ ಮುಗಿದವು. ಪೈಪು, ಪಂಪುಗಳ ಹೆಸರನ್ನೂ ಬೈಗುಳ ಮಾಡಿಕೊಂಡ. ಊರಿನವರಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ಯಾರೂ ಕದಲಲಿಲ್ಲ. ಕೊನೆಗೆ ಉಸಿರು ಸೋತು ನಿಂತಾಗ ಬಸಲಿಂಗಮ್ಮ ಮೊರದಲ್ಲಿ ಜೋಳ ಹಿಡಿದು ಮುಂದೆ ಚಾಚಿದಳು. ಒಂದು ಹಿಡಿ ತೆಗೆದುಕೊಂಡು, ಒಂದು ಕಾಳು ಕಡಿದು ನೋಡಿದ.

"ಫಾಯಿಜ್," ಅಂದ, ಆ ನೂರರಲ್ಲಿನ ಮಾತು ಹುಡುಕುತ್ತ. "ತೆರೆದೀನಿ. ಜೋಳ ಚಲೋ ಐತಿ."